ಗಾಯದ ಮೀನಿನ ಇನ್ನೊಂದು ಮಗ್ಗುಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈಚೆಗೆ ಮದುವೆಯಾಗಿ, ವಿಡಿಯೋದಲ್ಲಿ ಹೆಬ್ಬೆ ಜಲಪಾತದ ಕೆಳಗೆ ಕೈ ಕೈ ಹಿಡಿದು ನಿಂತಿರುವ ಜೋಡಿಗಳಲ್ಲಿ ಬಹುಪಾಲು ಜನ ಹೆಬ್ಬೆಯ ಮುಖ ಕಂಡವರಲ್ಲ. ಅವರು ನಿಂತಿದ್ದು ನನ್ನ ಸ್ಟುಡಿಯೋದ ಹಸಿರು ಪರದೆಯ ಮುಂದೆ, ಟೇಬಲ್ ಫ್ಯಾನಿನ ಗಾಳಿಗೆ. ನೀರು ಆಮೇಲೆ ಬಂತು. ಅದೂ ಎಲ್ಲರಿಗೂ ಒಂದೇ ನೀರು. ಯಾವಾಗಲೋ ಒಮ್ಮೆ ಜೀಪು ಮಾಡಿಕೊಂಡು ಹೋಗಿ, ಜಿಗಣೆಗಳಿಗೆ ರಕ್ತದಾನ ಮಾಡಿ ಹಿಡಿದು ತಂದ ಮೂವತ್ತು ಸೆಕೆಂಡಿನ ಹೆಬ್ಬೆ ನನ್ನ ಕಂಪ್ಯೂಟರಿನಲ್ಲಿದೆ. ಗಮನವಿಟ್ಟು ನೋಡಿದರೆ ಬಲಗಡೆ ಒಂದು ಒಣಗಿದ ಎಲೆ ಬೀಳುತ್ತದೆ. ಹಿರೇನಲ್ಲೂರಿನ ಮದುಮಗಳಿಗೂ ಅದೇ ಎಲೆ, ತರೀಕೆರೆಯ ಮದುಮಗಳಿಗೂ ಅದೇ ಎಲೆ. ಮೊನ್ನೆಮೊನ್ನೆಯವರೆಗೆ ಯಾರೂ ಕೇಳಿರಲಿಲ್ಲ. ಮದುವೆ ವಿಡಿಯೋದಲ್ಲಿ ಜನ ಹುಡುಕುವುದು ತಮ್ಮ ಮುಖವನ್ನು, ಎಲೆಯನ್ನಲ್ಲ.

ಈ ಕಸುಬಿಗೆ ದೊಡ್ಡ ಊರುಗಳಲ್ಲಿ ವಿಷುಯಲ್ ಎಫೆಕ್ಟ್ಸ್ ಎನ್ನುತ್ತಾರಂತೆ. ನಮ್ಮ ತರೀಕೆರೆ ಬಸ್ ಸ್ಟ್ಯಾಂಡಿನ ಪಕ್ಕದ ಸಂದಿಯಲ್ಲಿ ಇದರ ಹೆಸರು 'ಸೇರ್ಸೋದು'. "ಅಣ್ಣಾ, ನಮ್ಮದಕ್ಕೂ ಒಂಚೂರು ಫಾಲ್ಸ್ ಸೇರ್ಸಿ." "ನಮ್ಮ ಮಾವ ಮುನಿಸ್ಕೊಂಡು ಮದುವೆಗೆ ಬರ್ಲಿಲ್ಲ ಕಣ್ರೀ, ಮೂರನೇ ಸಾಲಲ್ಲಿ ಸೇರ್ಸಿಬಿಡಿ." ಸೇರಿಸುತ್ತೇನೆ. ಮುನಿಸಿಕೊಂಡ ಮಾವ ನಗುನಗುತ್ತಾ ಮೂರನೇ ಸಾಲಿನಲ್ಲಿ ಕೂರುತ್ತಾನೆ. ಎಷ್ಟೋ ಮನೆತನಗಳ ಒಗ್ಗಟ್ಟು ನನ್ನ ಮೌಸಿನ ಮೇಲೆ ನಿಂತಿದೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಳ್ಳುವುದುಂಟು.

ಆದರೆ ಹೀಗೆ ಸೇರಿಸುವ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಮಗುಚಿಕೊಳ್ಳುತ್ತದೆ. ಕಡೂರಿನ ಒಂದು ಮದುವೆಯಲ್ಲಿ ಗಂಡುಹೆಣ್ಣು ಇಬ್ಬರೂ ನಾನು ಸುರಿಸಿದ ಹೂಮಳೆಗೆ ಬೆನ್ನು ಹಾಕಿ ನಿಂತಿದ್ದರು. ಮಗುಚಿದೆ. ಹಿಂದೆ ಹೂವಿನಲ್ಲಿ ಬರೆದಿದ್ದ ಹೆಸರುಗಳು ತಿರುಗಾಮುರುಗಾ ಆದವು. ಅಷ್ಟನ್ನು ಕತ್ತರಿಸಿ ಹಾಕಿದೆ. ನನ್ನಷ್ಟು ಬುದ್ಧಿವಂತ ಮೂರು ತಾಲ್ಲೂಕಿನಲ್ಲಿ ಇಲ್ಲ ಎಂದುಕೊಂಡೆ. ವಾರದ ಮೇಲೆ ಹುಡುಗಿಯ ತಾತ ಬಸ್ಸು ಹತ್ತಿ ಬಂದರು. ಹುಡುಗಿಯ ಸೆರಗು ಬಲಭುಜಕ್ಕೆ ಹೋಗಿತ್ತು. ಹುಡುಗ ಎಡಗೈಯಲ್ಲಿ ಜೀರಿಗೆ ಬೆಲ್ಲ ಇಡುತ್ತಿದ್ದ. ಅದನ್ನಾದರೂ ಸಹಿಸುತ್ತಿದ್ದರೇನೋ, ಪುರೋಹಿತರ ಜನಿವಾರ ಬಲಭುಜದ ಮೇಲೆ ಕೂತಿತ್ತು. ಜನಿವಾರ ಹಾಗೆ ಹಾಕಿಕೊಳ್ಳುವುದು ಯಾವ ಕರ್ಮಕ್ಕೆ ಎಂದು ನಿಮಗೆ ಗೊತ್ತೇ ಇದೆ. "ಏನಪ್ಪಾ, ನಾವು ಮಾಡಿದ್ದು ಮದುವೆಯೋ ತಿಥಿಯೋ?" ಎಂದು ತಾತ ಬಹಳ ಸಮಾಧಾನದಿಂದ ಕೇಳಿದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಅಂದಿನಿಂದ ಮನುಷ್ಯರನ್ನು ಮಗುಚುವುದಿಲ್ಲ ಎಂದು ಆಣೆ ಮಾಡಿದೆ. ಮೀನಿನ ಬಗ್ಗೆ ಆಣೆ ಮಾಡಿರಲಿಲ್ಲ, ಅದೇ ಎಡವಟ್ಟಾಯಿತು.

ಮೀನು ಎಂದರೆ ನನ್ನ ಕಂಪ್ಯೂಟರಿನ ಮೀನು. ಒಂದು ವಿಡಿಯೋ ಪೂರ್ತಿ ತಯಾರಾಗಬೇಕಾದರೆ ಕಂಪ್ಯೂಟರು ಗಂಟೆಗಟ್ಟಲೆ ಒಳಗೊಳಗೇ ಬೇಯಿಸುತ್ತಿರುತ್ತದೆ. ಆಗ ನಾವು ಏನನ್ನೂ ಮುಟ್ಟದೆ ಐದು ನಿಮಿಷ ಸುಮ್ಮನಿದ್ದರೆ ಪರದೆಯ ಮೇಲೆ ಅಕ್ವೇರಿಯಂ ತೆರೆದುಕೊಳ್ಳುತ್ತದೆ. ನೀಲಿ ನೀರು, ಹವಳ, ಓಲಾಡುವ ಪಾಚಿಗಿಡ, ಆಗಾಗ ಬಾಯಿ ತೆರೆದು ಗುಳ್ಳೆ ಬಿಡುವ ಒಂದು ಮರದ ಪೆಟ್ಟಿಗೆ, ಬಣ್ಣಬಣ್ಣದ ಮೀನುಗಳು. ಇದಕ್ಕೆ ಸ್ಕ್ರೀನ್ ಸೇವರ್ ಎನ್ನುತ್ತಾರೆ. ಹಿಂದಿನ ಕಾಲದ ಡಬ್ಬದಂಥ ಪರದೆಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಗುರುತು ಗಾಜಿಗೇ ಅಚ್ಚೊತ್ತಿಬಿಡುತ್ತಿತ್ತು. ಹಾಗಾಗದಿರಲೆಂದು ಏನಾದರೂ ಓಡಾಡುತ್ತಿರಲಿ ಎಂದು ಮಾಡಿದ ವ್ಯವಸ್ಥೆ. ಈಗಿನ ತೆಳ್ಳನೆ ಪರದೆಗೆ ಅಂಥ ಭಯ ಅಷ್ಟಾಗಿ ಇಲ್ಲ, ಮೀನುಗಳು ಮಾತ್ರ ಉಳಿದುಕೊಂಡಿವೆ. ನಮ್ಮ ದಾರಿಯಲ್ಲಿ ಮರ ಕಡಿದು ಎಷ್ಟೋ ವರ್ಷವಾದರೂ ಕಂಡಕ್ಟರು 'ಹುಣಸೇಮರ, ಹುಣಸೇಮರ' ಎಂದು ಕೂಗಿ ಜನರನ್ನು ಇಳಿಸುವುದಿಲ್ಲವೇ, ಹಾಗೆ. ಗಿರಾಕಿಗಳು ಕಾಯುವಾಗ ನೋಡಿಕೊಂಡಿರಲಿ ಎಂದು ನಾನೂ ಬಿಟ್ಟಿದ್ದೆ. ನಾನೊಬ್ಬನೇ ಅದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ನೋಡಿದವರು ಗಂಗತ್ತೆ. ಈಕೆ ನನಗೆ ಎರಡು ಕಡೆಯಿಂದ ಅತ್ತೆ. ನನ್ನ ಅಪ್ಪನ ತಂಗಿ, ನನ್ನ ಹೆಂಡತಿ ಸುಮಿತ್ರೆಯ ತಾಯಿ. ಸ್ಟುಡಿಯೋದಲ್ಲಿ ಗಿರಾಕಿಗಳಿದ್ದರೆ 'ನಮ್ಮ ಅಳಿಯಂದ್ರು' ಎನ್ನುತ್ತಾರೆ, ಅವರು ಮೆಟ್ಟಿಲು ಇಳಿದ ಕೂಡಲೇ 'ಲೇ ಮಂಜ'. ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ, ಕೆರೆ ಏರಿಯ ಕೆಳಗಿನ ಮನೆಯಲ್ಲಿ ಹುಟ್ಟಿ ಬೆಳೆದವರು. ನಾನು ಕೂಸಾಗಿದ್ದಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬರಿಗೈಯಲ್ಲಿ ಮೀನು ಹಿಡಿಯುತ್ತಿದ್ದರಂತೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣಿನದು ತೆಗೆಸಿ, ತಿಂಗಳು ಬಿಟ್ಟು ಎಡಗಣ್ಣಿನದು ಎಂದು ಡಾಕ್ಟರು ದಿನ ಗೊತ್ತು ಮಾಡಿದ್ದರು. ಸುಮಿತ್ರೆ ಬೆಳಗಾದರೆ ಪಾಠ ಹೇಳಲು ಶಾಲೆಗೆ ಹೋಗುವವಳು. ಬಲಗಣ್ಣಿನ ಆಪರೇಷನ್ ಮುಗಿದಿತ್ತು, ಅದಕ್ಕೆ ಹೊತ್ತುಹೊತ್ತಿಗೆ ಹನಿ ಹಾಕಲು ಯಾರಾದರೂ ಬೇಕಲ್ಲ? ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಬಂದು ನನ್ನ ಸ್ಟುಡಿಯೋದ ಗಿರಾಕಿ ಕುರ್ಚಿಯಲ್ಲಿ ಪ್ರತಿಷ್ಠಾಪನೆಯಾದರು. ಹೊಸದಾಗಿ ಬಂದವರು ಅವರಿಗೇ ನಮಸ್ಕಾರ ಮಾಡಿ ಆಲ್ಬಮ್ ಕೇಳುತ್ತಿದ್ದರು.

ಮೊದಲ ದಿನವೇ ಮೀನುಗಳು ಕಣ್ಣಿಗೆ ಬಿದ್ದವು. ನಾನು ಕೆಲಸ ಮಾಡಲೆಂದು ಮೌಸ್ ಮುಟ್ಟಿದೆ, ಮೀನೆಲ್ಲ ಮಾಯ. ಅತ್ತೆ ಸಿಡಿದೆದ್ದರು. "ಲೇ ಮಂಜ, ಕೈ ಹಾಕ್ಬೇಡ ಕಣೋ, ಬೆದರಿ ಓಡೋದ್ವು ನೋಡು!" ಇದು ಸ್ಕ್ರೀನ್ ಸೇವರ್, ಮುಟ್ಟಿದರೆ ಹೋಗುವುದೇ ಇದರ ಲಕ್ಷಣ ಎಂದು ವಿವರಿಸಿದೆ. "ಕೆರೆ ಮೀನಿನ ಲಕ್ಷಣಾನೂ ಅದೇಯಾ," ಎಂದರು. ಮುಟ್ಟಿದರೆ ಓಡುತ್ತವೆ, ಸುಮ್ಮನಿದ್ದರೆ ಬರುತ್ತವೆ. ಇದಕ್ಕಿಂತ ನಿಜವಾದ ಮೀನು ಇನ್ನೇನು ಮಾಡೀತು?

ಅಲ್ಲಿಗೆ ನನ್ನ ಸ್ಟುಡಿಯೋದಲ್ಲಿ ಕೆರೆಯ ಕಾನೂನು ಜಾರಿಗೆ ಬಂತು. ಮೇಜು ಅಲ್ಲಾಡಿದರೆ ಮೌಸ್ ಅಲ್ಲಾಡುತ್ತದೆ, ಮೌಸ್ ಅಲ್ಲಾಡಿದರೆ ಮೀನು ಓಡುತ್ತದೆ. ಆದ್ದರಿಂದ ಬಂದವರು ಚಪ್ಪಲಿ ಹೊರಗೆ ಬಿಟ್ಟು ಮೆತ್ತಗೆ ಹೆಜ್ಜೆ ಇಡಬೇಕು, ಮೆತ್ತಗೆ ಮಾತಾಡಬೇಕು. ಮದುವೆಯ ಗಲಾಟೆಯಿಂದ ಬಂದ ಜನ ನನ್ನಲ್ಲಿ ಸಾವಿನ ಮನೆಗೆ ಬಂದವರಂತೆ ಕೂತಿರುತ್ತಿದ್ದರು. ಹಿರೇನಲ್ಲೂರಿನ ಒಬ್ಬರಂತೂ ತಮ್ಮ ಮಗಳ ಆಲ್ಬಮ್ಮಿನ ವಿಷಯ ಪಿಸುಗುಟ್ಟಿ ಹೋದರು. ನಾನು ಮಾಲೀಕ, ನನ್ನ ಕಂಪ್ಯೂಟರನ್ನು ನಾನು ಮುಟ್ಟಬೇಕಾದರೆ ಅತ್ತೆ ಕಾಫಿ ಕುಡಿಯಲು ಹಿಂದಿನ ಮನೆಯೊಳಗೆ ಹೋಗುವವರೆಗೆ ಕಾಯಬೇಕಾಗಿತ್ತು.

ನಾಲ್ಕನೇ ದಿನಕ್ಕೆ ಅತ್ತೆ ತಕರಾರು ತೆಗೆಯಲು ಶುರು ಮಾಡಿದರು. ಮೀನುಗಳೆಲ್ಲ ಬಲದಿಂದ ಎಡಕ್ಕೇ ಹೋಗುತ್ತವೆ. ಹೋದದ್ದು ಹಿಂದಕ್ಕೆ ತಿರುಗುವುದಿಲ್ಲ, ಮತ್ತೆ ಬಲದಿಂದಲೇ ಬರುತ್ತದೆ. "ಇವು ಮೀನಾ, ಕಡೂರು ಬಸ್ಸಾ?" ಪಾಚಿಗಿಡದ ಒಳಗೇ ತೂರಿಕೊಂಡು ಹೋಗುತ್ತವೆ, ಒಂದು ಎಲೆಯೂ ಅಲ್ಲಾಡುವುದಿಲ್ಲ. ಆ ಪೆಟ್ಟಿಗೆ ಅಷ್ಟು ಸಲ ಬಾಯಿ ತೆರೆಯುತ್ತದಲ್ಲ, ಒಳಗೆ ಏನಿದೆ ಅಂತ ಒಂದು ದಿನವಾದರೂ ತೋರಿಸಬಾರದೇ? ಮಳೆ ಬಂದರೆ ನೀರು ಕೆಂಪಾಗಬೇಡವೇ? ಒಂದು ಕಪ್ಪೆಯಾದರೂ ಬೇಡವೇ? ಇಷ್ಟೆಲ್ಲ ಇದ್ದೂ ಸಾರಿಗೆ ಆಗುವಂಥ ಮೀನು ಒಂದೂ ಇಲ್ಲ, ಬರೀ ಬಣ್ಣ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪಟ್ಟೆ ಮೀನಿನ ಕಿವಿರಿನ ಹಿಂದೆ ಒಂದು ಬಿಳಿ ಕಲೆ. ಅದು ಕೊಕ್ಕರೆ ಕುಕ್ಕಿದ ಗಾಯ ಎಂದು ಅತ್ತೆ ತೀರ್ಮಾನಿಸಿ, ಅದಕ್ಕೆ ಗಾಯದ ಮೀನು ಎಂದು ಹೆಸರಿಟ್ಟರು. ಯಾರೋ ಚಿತ್ರಗಾರ ಸುಮ್ಮನೆ ಇಟ್ಟ ಚುಕ್ಕಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಆ ಗಾಯದ ಮೀನನ್ನು ಅತ್ತೆ ಕಾಯುತ್ತಿದ್ದ ರೀತಿ ನೋಡಿ ನನಗೆ ಹಿರಿಯರು ಹೇಳುವ ಒಂದು ಮಾತು ನೆನಪಾಗುತ್ತಿತ್ತು. ಹಕ್ಕಿ ಮರಿಯನ್ನು ಮೈ ಕಾವಿನಿಂದ ಸಾಕುತ್ತದೆ, ಆಮೆ ನೆನಪಿನಿಂದ ಸಾಕುತ್ತದೆ, ಮೀನು ಮಾತ್ರ ಬರೀ ನೋಟದಿಂದ ಸಾಕುತ್ತದೆ ಎಂದು. ಮೀನಿಗೆ ರೆಪ್ಪೆಯಿಲ್ಲವಲ್ಲ, ನೋಡುವುದೇ ಅದರ ಉದ್ಯೋಗ ಎಂದು ಹಳಬರು ಅಂದುಕೊಂಡಿರಬೇಕು. ಇಲ್ಲಿ ಮೀನನ್ನೇ ಒಬ್ಬರು ನೋಟದಿಂದ ಸಾಕುತ್ತಿದ್ದರು, ಅದೂ ಒಂದೂವರೆ ಕಣ್ಣಿನಿಂದ.

ಈ ಮೀನು ಮಾಡಿದ ಕಂಪನಿಗೆ ಬರಿ ಎಂದರು ಅತ್ತೆ. ಆ ಸಾಫ್ಟ್‌ವೇರಿನವರ ಜಾಲತಾಣದಲ್ಲಿ ಸಲಹೆಗಳಿಗೆಂದು ಒಂದು ಚೌಕವಿದೆ. ಅತ್ತೆ ಹೇಳುತ್ತಾ ಹೋದರು, ನಾನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬಡಿಯುತ್ತಾ ಹೋದೆ. ಕೊಕ್ಕರೆಯ ವಿಷಯಕ್ಕೆ ಬಂದಾಗ ಸ್ವಲ್ಪ ತಡವರಿಸಿದೆ. ಕಳಿಸಿದ ಮರುಕ್ಷಣವೇ ಉತ್ತರ ಬಂತು, ತಮ್ಮ ಸಲಹೆ ನಮಗೆ ಅಮೂಲ್ಯ ಎಂದು. "ಇಷ್ಟು ಬೇಗ ಓದಿದ್ರಾ?" ಎಂದು ಅತ್ತೆ ಕೇಳಿದರು. ಓದಿಲ್ಲ, ಇದು ತಾನಾಗಿಯೇ ಬರುವ ಉತ್ತರ ಎಂದೆ. "ಹಂಗಾದ್ರೆ ಅರ್ಜಿ ಕೊಟ್ಟಂಗಾಯ್ತು ಅಷ್ಟೇ," ಎಂದು ಮತ್ತೆ ಮೀನಿನ ಕಡೆ ತಿರುಗಿದರು.

ಈ ತಮಾಷೆಯ ನಡುವೆ ತಮಾಷೆಯಲ್ಲದ ಒಂದು ಸಂಗತಿ ನಡೆಯಿತು. ಎರಡನೇ ಕಣ್ಣಿನ ದಿನ ಹತ್ತಿರ ಬರುತ್ತಿದ್ದಂತೆ ಅತ್ತೆ ಆಗುವುದಿಲ್ಲ ಎಂದುಬಿಟ್ಟರು. "ಒಂದು ಕಣ್ಣು ಸಾಕು ಬಿಡ್ರೋ. ಸೂಜಿಗೆ ದಾರ ಪೋಣಿಸ್ಬೇಕಾದ್ರೆ ಹೆಂಗೂ ಇನ್ನೊಂದು ಮುಚ್ಕೋಬೇಕು." ಸುಮಿತ್ರೆ ಗೋಗರೆದಳು, ಗದರಿದಳು, ಕೊನೆಗೆ ಅತ್ತಳು. ಅತ್ತೆ ಜಗ್ಗಲಿಲ್ಲ. ಅದಾದ ಎರಡು ದಿನಕ್ಕೆ ಸ್ಟುಡಿಯೋದ ಒಂದೇ ಒಂದು ಮೆಟ್ಟಿಲು ಇಳಿಯುವಾಗ ಮುಗ್ಗರಿಸಿದರು. ಲೈಟಿನ ಸ್ಟ್ಯಾಂಡು ಕೈಗೆ ಸಿಕ್ಕಿ ಬಚಾವಾದರು, ಮಂಡಿ ಮಾತ್ರ ತರಚಿತು. ಒಂದು ಕಣ್ಣು ಮೆಟ್ಟಿಲು ಇಲ್ಲಿದೆ ಎಂದು ಹೇಳುತ್ತದೆ, ಇನ್ನೊಂದು ಅಲ್ಲೆಲ್ಲೋ ಮಂಜಿನಲ್ಲಿದೆ ಎಂದು ಹೇಳುತ್ತದೆ. ಕಾಲು ಪಾಪ ಯಾರ ಮಾತು ಕೇಳಬೇಕು? ನಾನು ಅವರ ಮಂಡಿಗೆ ಮುಲಾಮು ಹಚ್ಚುತ್ತಾ ಕೂತಿದ್ದೆ. ಇವರು ಬಿದ್ದು ಸೊಂಟ ಮುರಿದುಕೊಂಡರೆ ಎಂಬ ಯೋಚನೆಗೇ ನನಗೆ ಅಳು ಬಂತು, ಅದೇ ಸೊಂಟದ ಮೇಲೆ ಕೂತು ನಾನು ಕೆರೆ ನೋಡಿದವನು.

ಅತ್ತೆ ನನ್ನ ಮುಖ ನೋಡಿದರು. "ಹೆದ್ರಿಕೆ ಕಣೋ ಮಂಜ," ಎಂದರು. "ಮೊದಲ್ನೇ ಸಲ ಏನೂ ಗೊತ್ತಿರ್ಲಿಲ್ಲ, ಮಲಗ್ಬಿಟ್ಟೆ. ಈಗ ಗೊತ್ತು. ಬೆಳಕು ಮುಖಕ್ಕೇ ಬತ್ತದೆ, ರೆಪ್ಪೆ ಮುಚ್ಚೋ ಹಂಗಿಲ್ಲ." ಸುಮಿತ್ರೆಗೆ ಹೇಳಬೇಡ ಎಂದೂ ಹೇಳಿದರು. ಹೇಳಲಿಲ್ಲ.

ಮಾತಿನಲ್ಲಿ ಆಗದ್ದನ್ನು ಕಸುಬಿನಲ್ಲಿ ಮಾಡಿ ತೋರಿಸೋಣ ಎಂದು ಒಂದು ವಿಡಿಯೋ ಮಾಡಿದೆ. ನಮ್ಮ ಸಂದಿಯನ್ನೇ ತೆಗೆದು, ಅರ್ಧ ಪರದೆ ನಿಚ್ಚಳವಾಗಿ, ಇನ್ನರ್ಧ ಹಳದಿ ಮಬ್ಬಾಗಿ. ಎರಡೂ ಕಣ್ಣು ಸರಿಯಾದರೆ ಹೀಗೆ, ಇಲ್ಲದಿದ್ದರೆ ಹೀಗೆ ಎಂದು ತೋರಿಸಿದೆ. ಅತ್ತೆ ಪೂರ್ತಿ ನೋಡಿದರು. "ಕಲ್ಯಾಣ ಮಂಟಪದೊಳಕ್ಕೆ ಹೆಬ್ಬೆ ಫಾಲ್ಸ್ ತಂದು ಸುರಿಸಿದೋನು ನೀನು. ನೀನು ತೋರ್ಸಿದ್ದು ನಂಬ್ಲಾ ನಾನು?" ಎಂದರು. ಇಷ್ಟು ವರ್ಷ ಊರಿಗೆಲ್ಲ ಸುಳ್ಳು ತೋರಿಸಿದ್ದರ ಫಲ ಅದು. ನಿಜ ತೋರಿಸಬೇಕಾದ ದಿನ ನನ್ನ ಮಾಲು ಯಾರಿಗೂ ಬೇಡವಾಯಿತು.

ಆಮೇಲೆ ಅವರೇ ಒಂದು ಪಂದ್ಯ ಕಟ್ಟಿದರು. ಕಂಪನಿಯವರು ಮಾಡಲಿಲ್ಲ, ನೀನು ಮಾಡು. ಆ ಗಾಯದ ಮೀನು ಎಡಕ್ಕೆ ಹೋಗುತ್ತದಲ್ಲ, ಅದು ತಿರುಗಿ ಬರಲಿ. "ಅದ್ರ ಆ ಕಡೆ ಮಗ್ಗುಲು ನಾನು ನೋಡ್ಬೇಕು. ನೋಡಿದ್ರೆ ನೀನು ಹೇಳ್ದಂಗೆ ಕಣ್ಣು ಮಾಡಿಸ್ಕೋತೀನಿ." ನನಗೆ ಕುಣಿದಾಡುವಂತಾಯಿತು. ನಿಜ ಹೇಳಬೇಕೆಂದರೆ ಆ ಮೀನಿಗೆ ಇನ್ನೊಂದು ಮಗ್ಗುಲು ಎಂಬುದೇ ಇಲ್ಲ. ಒಂದೇ ದಿಕ್ಕಿಗೆ ಹೋಗುವ ಮೀನಿಗೆ ಎರಡನೇ ಮಗ್ಗುಲು ಬರೆಯುವ ಕಷ್ಟವನ್ನು ಯಾವ ಚಿತ್ರಗಾರ ತಗೊಂಡಾನು? ಲೋಕದಲ್ಲಿ ಎಲ್ಲೆಲ್ಲಿ ಈ ಸ್ಕ್ರೀನ್ ಸೇವರ್ ಓಡುತ್ತಿದೆಯೋ ಅಲ್ಲೆಲ್ಲ ಆ ಮೀನು ಒಂದೇ ಮಗ್ಗುಲಲ್ಲಿ ಬದುಕುತ್ತಿದೆ. ಆ ಇನ್ನೊಂದು ಮಗ್ಗುಲನ್ನು ಕೇಳಿದ ಮೊದಲ ಮನುಷ್ಯರು ನಮ್ಮ ಅತ್ತೆಯೇ ಇರಬೇಕು.

ನಾಲ್ಕು ದಿನ ಹಿಡಿಯಿತು. ಪರದೆಯ ಮೀನನ್ನು ರೆಕಾರ್ಡ್ ಮಾಡಿಕೊಂಡೆ, ನೀರಿನಿಂದ ಬೇರ್ಪಡಿಸಿದೆ, ಬಾಲ ಬೀಸುವ ತಾಳ ಹೊಂದಿಸಿದೆ, ಅದು ಪಾಚಿಗಿಡ ದಾಟುವಾಗ ಎರಡು ಎಲೆ ಅಲ್ಲಾಡುವಂತೆ ಮಾಡಿದೆ. ಅತ್ತೆಯ ಅರ್ಜಿಯ ಉಳಿದ ಕಲಮುಗಳನ್ನೂ ಬಿಡಲಿಲ್ಲ. ಪೆಟ್ಟಿಗೆಯೊಳಗೆ ಒಂದು ಕಪ್ಪೆ ಕೂರಿಸಿದೆ. ಮೀನು ತಿರುಗಿ ಬರಲು ಮಾತ್ರ ನನ್ನ ಹಳೆಯ ಗುಂಡಿಯನ್ನು ಒತ್ತಿದೆ. ಮೀನಿಗೆ ಸೆರಗಿಲ್ಲ, ಜನಿವಾರವಿಲ್ಲ, ಯಾವ ತಾತನೂ ಬಸ್ಸು ಹತ್ತಿ ಬರುವುದಿಲ್ಲ ಎಂಬ ಧೈರ್ಯ.

ಇದನ್ನೇ ಹೊಸ ಸ್ಕ್ರೀನ್ ಸೇವರಾಗಿ ಹಾಕಿ, ಒಂದು ಭಾನುವಾರ ಬೆಳಿಗ್ಗೆ ಸುಮಿತ್ರೆಯನ್ನೂ ಕೂರಿಸಿಕೊಂಡು ಪ್ರದರ್ಶನ ಏರ್ಪಾಟಾಯಿತು. ಚಪ್ಪಲಿ ಹೊರಗೆ, ಮೌಸ್ ದೂರ. ಗಾಯದ ಮೀನು ಬಲದಿಂದ ಬಂತು, ಪಾಚಿ ಸರಿಸಿಕೊಂಡು ಎಡಕ್ಕೆ ಹೋಗಿ ಮರೆಯಾಯಿತು. ಎಡದಿಂದ ಮೂತಿ ಕಂಡಿತು. "ಬಂತು ಕಣೇ ಸುಮಿ, ತಿರುಗ್ಬಂತು!" ಎಂದು ಅತ್ತೆ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. ಪೆಟ್ಟಿಗೆ ತೆರೆದು ಕಪ್ಪೆ ಇಣುಕಿದಾಗ ಬಿದ್ದು ಬಿದ್ದು ನಕ್ಕರು. ಸುಮಿತ್ರೆ ನನ್ನ ಕಡೆ ನೋಡಿದ ನೋಟದಲ್ಲಿ ಬಹಳ ವರ್ಷದಿಂದ ಕಾಣದಿದ್ದ ಮೆಚ್ಚುಗೆ ಇತ್ತು. ನಾನು ಮನಸ್ಸಿನಲ್ಲೇ ಡಾಕ್ಟರಿಗೆ ಫೋನ್ ಮಾಡಿಯಾಗಿತ್ತು.

"ಇನ್ನೊಂದ್ಸಲ ಹಾಕು," ಎಂದರು ಅತ್ತೆ. ಈ ಸಲ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ನೋಡಿದರು, ಮೀನು ಹೋಯಿತು, ಬಂತು. ಆಮೇಲೆ ಎಡಗಣ್ಣು ಮುಚ್ಚಿಕೊಂಡು ನೋಡಿದರು. ಮೀನು ಹೋಯಿತು, ಬಂತು. ಚಪ್ಪಾಳೆ ಬರಲಿಲ್ಲ. ಮತ್ತೊಮ್ಮೆ ಹಾಕಿಸಿದರು.

"ಲೇ ಮಂಜ, ಹೋಗ್ಬೇಕಾದ್ರೆ ಗಾಯ ಈ ಮಗ್ಗುಲಲ್ಲಿತ್ತು. ಬರ್ಬೇಕಾದ್ರೆ ಆ ಮಗ್ಗುಲಲ್ಲೂ ಅದೇ ಜಾಗದಲ್ಲಿ ಅಷ್ಟೇ ಗಾಯ. ಕೊಕ್ಕರೆ ಏನು ಅಳತೆ ಇಟ್ಕೊಂಡು ಎರಡೂ ಕಡೆ ಕುಕ್ತಾ?"

ಕಡೂರಿನ ತಾತನೇ ಸೀರೆಯುಟ್ಟು ಬಂದು ಕೂತಂತಾಯಿತು. ಒಪ್ಪಿಕೊಂಡೆ. ಮಗುಚಿದೆ, ಆ ಮೀನಿಗೆ ಇನ್ನೊಂದು ಮಗ್ಗುಲೇ ಇಲ್ಲ ಅತ್ತೆ, ಇದ್ದಿದ್ದರೆ ತೋರಿಸುತ್ತಿದ್ದೆ ಎಂದೆ. ಸುಮಿತ್ರೆಯ ಮುಖ ಬಾಡಿತು. ಪಂದ್ಯ ಸೋತೆ, ಕಣ್ಣು ಹೋಯಿತು, ಇನ್ನು ಈ ಮೆಟ್ಟಿಲನ್ನು ಒಡೆಸಿ ಇಳಿಜಾರು ಮಾಡಿಸುವುದೊಂದೇ ದಾರಿ ಎಂದು ಲೆಕ್ಕ ಹಾಕುತ್ತಾ ನಿಂತೆ.

ಅತ್ತೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಒಂದು ಸಲ ಈ ಕಣ್ಣು, ಒಂದು ಸಲ ಆ ಕಣ್ಣು ಮುಚ್ಚಿಕೊಂಡು ನನ್ನನ್ನೇ ನೋಡಿದರು. ಕೊನೆಗೆ ಎಡಗಣ್ಣಿನ ಮೇಲೆ ಬೆರಳಿಟ್ಟು ಹೇಳಿದರು: "ಈ ಹಳೇ ಕಣ್ಣಿಗೆ ಗಾಯಾನೇ ಕಾಣ್ಲಿಲ್ಲ ಕಣೋ. ಇದೊಂದೇ ಇದ್ದಿದ್ರೆ ನೀನು ಗೆದ್ದುಬಿಡ್ತಿದ್ದೆ. ಹೊಸಾದು ಇತ್ತು, ಸಿಕ್ಕಾಕ್ಕೊಂಡೆ. ನಿನ್ನಂಥ ಅಳಿಯನ ಮನೇಲಿ ಇರ್ಬೇಕಾದ್ರೆ ಒಂದು ಕಣ್ಣು ಯಾತಕ್ಕೂ ಸಾಲ್ದು. ಡಾಕ್ಟ್ರಿಗೆ ಫೋನ್ ಮಾಡು."

ಸುಮಿತ್ರೆ ಅಮ್ಮನನ್ನು ತಬ್ಬಿಕೊಂಡಳು. ಅವಳ ಮೊಣಕೈ ಮೇಜಿಗೆ ತಾಗಿ ಮೀನುಗಳೆಲ್ಲ ಓಡಿಹೋದವು. ಆ ದಿನ ಮಾತ್ರ ಅತ್ತೆ ಬೈಯಲಿಲ್ಲ. ಆಸ್ಪತ್ರೆಗೆ ಹೋದ ದಿನ ಒಳಗೆ ಕರೆದೊಯ್ಯುವವರೆಗೂ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಕೈ ಬಿಡುವಾಗ, "ಬೆಳಕು ಬಂದಾಗ ಮೀನು ಅಂದ್ಕೊಂಡು ನೋಡ್ತೀನಿ ಬಿಡು," ಎಂದರು. ಹಾಗೇ ನೋಡಿದರಂತೆ.

ಎರಡನೇ ಕಣ್ಣಿಗೂ ಹನಿ ಹಾಕುವುದು ಮುಗಿದು, ಕಪ್ಪು ಕನ್ನಡಕ ಪೆಟ್ಟಿಗೆ ಸೇರಿ ಈಗ ಎರಡು ವಾರವಾಯಿತು. ನನ್ನ ಕಳ್ಳ ಮೀನನ್ನು ತೆಗೆದು ಕಂಪನಿಯ ಮೀನುಗಳನ್ನೇ ಬಿಟ್ಟಿದ್ದೇನೆ. ಮೆಟ್ಟಿಲನ್ನು ಅತ್ತೆ ದಡದಡ ಇಳಿಯುತ್ತಾರೆ. ಹಿರೇನಲ್ಲೂರಿನವರ ವಿಡಿಯೋ ನೋಡುತ್ತಾ ಹೆಬ್ಬೆಯಲ್ಲಿ ಬೀಳುವ ಆ ಒಣ ಎಲೆಯನ್ನೂ ಪತ್ತೆ ಮಾಡಿ, ತರೀಕೆರೆಯವರ ವಿಡಿಯೋದಲ್ಲೂ ಅದನ್ನೇ ತೋರಿಸಿ ನನ್ನ ಮಾನ ಹರಾಜು ಹಾಕಿದ್ದಾರೆ. ಮೊನ್ನೆ ಸ್ಟುಡಿಯೋದಲ್ಲಿ ಅಷ್ಟು ಗಿರಾಕಿಗಳು ಕೂತಿರುವಾಗಲೇ ನನ್ನನ್ನು ಹತ್ತಿರ ಕರೆದು, ತಲೆ ಬಗ್ಗಿಸಲು ಹೇಳಿ, ಕಿವಿಯ ಹಿಂದಿನ ಕೂದಲು ಸರಿಸಿ ನೋಡಿದರು.

"ಅಳಿಯಂದ್ರೇ, ಮುಂದುಗಡೆ ಕರ್ರಗೆ, ಹಿಂದುಗಡೆ ಬೆಳ್ಳಗೆ. ಇದೂ ಸೇರ್ಸಿದ್ದೇನಾ?"

ಚಪ್ಪಲಿ ಹೊರಗೆ ಬಿಟ್ಟು ಮೆತ್ತಗೆ ಕೂತಿದ್ದ ಜನವೆಲ್ಲ ಗೊಳ್ಳೆಂದು ನಕ್ಕರು. ಬಣ್ಣ ಹಚ್ಚುವಾಗ ಹಿಂದಿನ ಆ ಭಾಗ ನನ್ನ ಕಣ್ಣಿಗೆ ಎಟುಕುವುದಿಲ್ಲ, ಇಷ್ಟು ದಿನ ಅದು ಯಾರಿಗೂ ಕಂಡಿರಲೂ ಇಲ್ಲ. ನನಗೂ ಒಂದು ಮಗ್ಗುಲು ಸಾಕಾಗಿತ್ತು. ನಿನ್ನೆ ಅತ್ತೆ ಕಾಫಿಗೆಂದು ಒಳಗೆ ಹೋದಾಗ ಕಂಪನಿಯವರಿಗೆ ನನ್ನ ಲೆಕ್ಕದಲ್ಲಿ ಒಂದೇ ಒಂದು ಸಲಹೆ ಬರೆದು ಕಳಿಸಿದೆ: ಕಪ್ಪೆ ಬೇಡ, ಕೆಂಪು ನೀರು ಬೇಡ, ದಯವಿಟ್ಟು ಆ ಮೀನುಗಳಿಗೆ ರೆಪ್ಪೆ ಇಟ್ಟುಕೊಡಿ. ಕಂಡೂ ಕಾಣದ ಹಾಗೆ ಇರುವುದನ್ನು ಈ ಮನೆಯಲ್ಲಿ ಯಾರಾದರೂ ಒಬ್ಬರು ಕಲಿಯಲಿ.